ಗ್ಲೌಸ್ ಹಾಕಿದ ಬೆರಳು

"ತಾತ, ನಿನ್ನ ಈ ಬೆರಳು ಯಾಕೆ ಮೊಟಕು?" ಮೊಮ್ಮಗಳು ಪ್ರತಿ ರಜೆಯಲ್ಲೂ ಕೇಳುತ್ತಾಳೆ. ಈ ಸಲ ಬಾಯಲ್ಲಿ ಹೇಳಲಿಲ್ಲ.

ಚಾಂಪಿಯನ್ ರೀಫ್ಸ್‌ನ ನಮ್ಮ ಮನೆ ಜಗಲಿಯ ಮೇಲೆ ತಟ್ಟೆ ತುಂಬ ನಟ್ಟು, ಬೋಲ್ಟು, ವಾಷರ್ ಇಟ್ಟೆ. ಹತ್ತು ಬೋಲ್ಟಿಗೆ ವಾಷರ್ ಹಾಕಿ ನಟ್ಟು ತಿರುಗಿಸಬೇಕು. ಬರಿಗೈಲಿ ಪಟಪಟ ಮುಗಿಸಿದಳು. ಆಮೇಲೆ ನನ್ನ ಹಳೆಯ ಚರ್ಮದ ಗ್ಲೌಸ್ ಕೊಟ್ಟೆ. ವಾಷರ್ ತಟ್ಟೆ ಬಿಟ್ಟು ಏಳಲೇ ಇಲ್ಲ. ಮೂರನೆಯ ಬೋಲ್ಟಿಗೆ ಸಿಟ್ಟು ಬಂದು ಬಲಗೈ ಗ್ಲೌಸ್ ಕಿತ್ತೆಸೆದಳು.

"ನಾನೂ ಅವತ್ತು ಅದನ್ನೇ ಮಾಡಿದೆ ಪುಟ್ಟಿ" ಎಂದೆ. ವರ್ಕ್‌ಶಾಪಿನಲ್ಲಿ ತಗಡು ಜೋಡಿಸುವಾಗ ಒಂದು ಸಣ್ಣ ನಟ್ಟು ಕೈಗೆ ಸಿಗಲಿಲ್ಲ. ಒಂದೇ ನಿಮಿಷ ಎಂದು ಗ್ಲೌಸ್ ತೆಗೆದೆ. ತಗಡು ಜಾರಿತು.

ನಮ್ಮ ಬೆರಳ ತುದಿಯ ಚರ್ಮದಲ್ಲಿ ಸ್ಪರ್ಶ ತಿಳಿಯುವ ನರತುದಿಗಳು ಒತ್ತೊತ್ತಾಗಿವೆ. ಹಿಡಿದದ್ದು ಕೊಂಚ ಜಾರಿದರೂ ಮಿದುಳಿಗೆ ಸುದ್ದಿ ಹೋಗಿ, ಹಿಡಿತ ತಾನಾಗಿ ಬಿಗಿಯಾಗುತ್ತದೆ. ನಡುವೆ ದಪ್ಪ ಚರ್ಮ ಬಂದರೆ ಸುದ್ದಿ ಮಸುಕು. ಆಗ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಿಡಿಯುತ್ತೇವೆ, ಕೈ ಬೇಗ ಸೋಲುತ್ತದೆ. ಇದನ್ನು ಅಳೆಯುವುದಕ್ಕೂ ಹಲಗೆಯಿದೆ. 1948ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೋಸೆಫ್ ಟಿಫಿನ್ ಮಾಡಿದ್ದು: ಎರಡು ಸಾಲು, ಸಾಲಿಗೆ 25 ತೂತು, 30 ಸೆಕೆಂಡಿನಲ್ಲಿ ಎಷ್ಟು ಕಡ್ಡಿ ಸಿಕ್ಕಿಸುತ್ತೀರಿ ಎಂಬ ಲೆಕ್ಕ. ನಮ್ಮ ತಟ್ಟೆಯೂ ಅದರ ಬಡ ನೆಂಟನೇ!

ನಮ್ಮಪ್ಪ ಇದೇ ಊರಿನ ಗಣಿಯಲ್ಲಿ ಇಳಿಯುತ್ತಿದ್ದರು. 2001ರ ಫೆಬ್ರವರಿ 28ರಂದು ಮುಚ್ಚಿದ ಆ ಗಣಿ ಮೂರು ಕಿಲೋಮೀಟರಿಗೂ ಆಳ. ತಳದ ಬಂಡೆಯ ಬಿಸಿ 60 ಡಿಗ್ರಿಗೂ ಮೇಲೆ. ಅಂಥ ಸೆಕೆಯಲ್ಲಿ ಕೈಗೆ ಕವಚ ಹಾಕು ಎಂದರೆ ಯಾರಿಗೆ ಇಷ್ಟವಾದೀತು? ಕಾಪಾಡುವ ವಸ್ತುವೇ ಕೆಲಸಕ್ಕೆ ಅಡ್ಡ ಬಂದರೆ ಜನ ಅದನ್ನು ತೆಗೆದಿಡುತ್ತಾರೆ. ಬರೀ ಬೈದು ಪ್ರಯೋಜನವಿಲ್ಲ, ಕೆಲಸಕ್ಕೆ ತಕ್ಕ ಗ್ಲೌಸ್ ಕೊಡಬೇಕು. ತಿರುಗುವ ಡ್ರಿಲ್, ಲೇತ್ ಹತ್ತಿರವಂತೂ ಗ್ಲೌಸೇ ಕೂಡದು. ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಆಸ್ಪತ್ರೆಯ ತೆಳು ಗ್ಲೌಸಿನ ಕಥೆ ಅವಳಿಗೆ ಬಲು ಹಿಡಿಸಿತು. ಸುಮಾರು 1890ರಲ್ಲಿ ಬಾಲ್ಟಿಮೋರ್‌ನ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ ಕ್ರಿಮಿನಾಶಕದಿಂದ ಹುಣ್ಣಾಯಿತು. ಡಾಕ್ಟರ್ ವಿಲಿಯಂ ಹಾಲ್‌ಸ್ಟೆಡ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಗ್ಲೌಸ್ ಮಾಡಿಸಿಕೊಟ್ಟರು. ಆಮೇಲೆ ಅವರಿಬ್ಬರೂ ಮದುವೆಯಾದರು.

ತಕ್ಷಣ ಒಳಗೋಡಿ ಅಜ್ಜಿಯ ಪಾತ್ರೆ ತೊಳೆಯುವ ಗ್ಲೌಸ್ ತಂದಳು. ತೆಳುವೇನೋ ಹೌದು, ಆದರೆ ಅವಳ ಬೆರಳಿಗಿಂತ ಒಂದಂಗುಲ ಉದ್ದ. ತುದಿ ಮಡಚಿ ನಟ್ಟಿಗೇ ಸಿಕ್ಕಿಕೊಂಡಿತು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಚೀಟಿಯಲ್ಲಿ ಈಗ ಅವಳ ಅಕ್ಷರದಲ್ಲಿ ಒಂದು ಸಾಲಿದೆ: "ನನ್ನ ಅಳತೆಯ ಗ್ಲೌಸ್. ತಾತನಿಗೂ ಒಂದು."