ಎದ್ದು ಕಾಣುವ ಶಬ್ದ

ಇಂಗ್ಲಿಷಿನ ‘ಕಾನ್‌ಸ್ಪಿಕ್ಯುಅಸ್’ ಎಂಬ ವಿಶೇಷಣಕ್ಕೆ ‘ಪ್ರಸಿದ್ಧ’ ಎಂದೇ ನಾನು ತಿಳಿದಿದ್ದೆ. ‘ನೋಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಅದಕ್ಕೆ ‘ಎದ್ದು ಕಾಣುವ’ ಎಂಬುದೇ ಸರಿಯಾದ ಅರ್ಥ. ಪರಾಕ್ರಮವೂ ಎದ್ದು ಕಾಣಬಹುದು. ಬಿಳಿಯ ಅಂಗಿಯ ಮೇಲಿನ ಮಸಿಯ ಕಲೆಯೂ ಕಾಣಬಹುದು.

ಸೋಜಿಗವೆಂದರೆ, ಇಲ್ಲದ್ದೂ ಎದ್ದು ಕಾಣುತ್ತದೆ! ಕ್ರಿ.ಶ. 22ರಲ್ಲಿ ರೋಮಿನ ಜೂನಿಯಾಳ ಶವಯಾತ್ರೆಯಲ್ಲಿ, ಸೀಸರನನ್ನು ಕೊಂದ ಆಕೆಯ ಸೋದರ ಬ್ರೂಟಸ್, ಪತಿ ಕ್ಯಾಸಿಯಸ್ ಇವರ ಪ್ರತಿಮೆಗಳಿರಲಿಲ್ಲ. ಆದುದರಿಂದಲೇ ಅವರು ಎಲ್ಲರಿಗಿಂತ ಬೆಳಗಿದರೆಂದು ಟ್ಯಾಸಿಟಸ್ ಬರೆದಿದ್ದಾನೆ. 1859ರಲ್ಲಿ ಲಾರ್ಡ್ ಜಾನ್ ರಸೆಲ್ ಈ ಭಾವವನ್ನೇ ಇಂಗ್ಲಿಷಿನಲ್ಲಿ ಬಳಸಿದನು.

ಯಲ್ಲದಕೆರೆಯಿಂದ ಈ ಕಾಲೇಜಿಗೆ ಬಂದವರು ನಾವಿಬ್ಬರು. ಮಳೆ ತಪ್ಪಿದ ವರ್ಷ ಗೆಳೆಯ ಓದು ಬಿಟ್ಟ. ಹಾಜರಿ ಕೂಗುವಾಗ ಅವನ ಸಂಖ್ಯೆಗೆ ಉತ್ತರವಿರಲಿಲ್ಲ. ನಿಘಂಟು ಹೇಳದ ಅರ್ಥವನ್ನು ಆ ಮೌನ ನನಗೆ ಹೇಳಿತು.