ಡ್ಯಾಮ್ ಪಕ್ಕದಲ್ಲಿದ್ದರೂ ಕರೆಂಟ್ ಯಾಕೆ ಅಗ್ಗವಲ್ಲ?

“ಡ್ಯಾಮ್ ನಮ್ಮೂರಾಗೈತಿ, ರೇಟ್ ಮಾತ್ರ ಬೆಂಗಳೂರಿಂದು!” ಬಿಲ್ ಕೈಗೆ ಬಂದ ದಿನ ಹೊಸಪೇಟೆಯಲ್ಲಿ ಯಾರಾದರೊಬ್ಬರು ಹೀಗೆ ಅನ್ನುವುದುಂಟು. ಊರಿನ ನೆಲ, ಊರಿನ ನೀರು; ಕೇಳುವುದರಲ್ಲಿ ತಪ್ಪೇನಿಲ್ಲ. ಲೆಕ್ಕ ಮಾತ್ರ ಬೇರೆ.

ತುಂಗಭದ್ರಾ ಅಣೆಕಟ್ಟಿನ ಪವರ್ ಹೌಸ್, ಹಂಪಿ ಪವರ್ ಹೌಸ್ ಎರಡರ ಸಾಮರ್ಥ್ಯ ಸೇರಿ 72 ಮೆಗಾವಾಟ್. ತುಂಗಭದ್ರಾ ಮಂಡಳಿ ನಡೆಸುವ ಇವುಗಳ ವಿದ್ಯುತ್ತಿನಲ್ಲಿ ಕರ್ನಾಟಕದ ಪಾಲು ನೂರಕ್ಕೆ 20, ಆಂಧ್ರದ್ದು 80. ಅದೂ ನೀರು ಹರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಂಪ್ಲಿಯಲ್ಲಿ ಫ್ಯಾನು, ಕೂಲರ್ ಹಗಲಿರುಳು ತಿರುಗುವ ಬೇಸಿಗೆಯಲ್ಲೇ ಜಲಾಶಯ ತಳ ಹಿಡಿದಿರುತ್ತದೆ.

“ಕುಡತಿನಿ ಹೊಗೆ ನಮಗೆ, ಲಾಭ ಯಾರಿಗೋ” ಎಂಬುದು ಇನ್ನೊಂದು ಮಾತು. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರ ಬಿಟಿಪಿಎಸ್ 1,700 ಮೆಗಾವಾಟ್‌ನದು, ನಿಜ. ಆದರೆ ಸಂಡೂರಿನ ಕಬ್ಬಿಣದ ಅದಿರು ಅದರ ಬಾಯ್ಲರಿಗೆ ಬೀಳುವುದಿಲ್ಲ. ಕಲ್ಲಿದ್ದಲು ದೂರದಿಂದ ರೈಲಿನಲ್ಲೇ ಬರಬೇಕು. ಎಲ್ಲ ಮೂಲಗಳ ವಿದ್ಯುತ್ತೂ ಒಂದೇ ಜಾಲ ಸೇರುತ್ತದೆ. ಖರೀದಿ, ಸಾಗಣೆ, ಸೋರಿಕೆ, ಸಿಬ್ಬಂದಿ ವೆಚ್ಚವೆಲ್ಲ ಕೂಡಿಸಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ದರ ಕಟ್ಟುತ್ತದೆ. ನಮ್ಮ ವಿದ್ಯುತ್ ಕಂಪನಿ ಜೆಸ್ಕಾಂನ ಮನೆಗೂ ಬೆಂಗಳೂರಿನ ಬೆಸ್ಕಾಂ ಮನೆಗೂ ದರ ಒಂದೇ. ಹೊಗೆಯ ದೂರು ನ್ಯಾಯವಾದದ್ದೇ, ಆದರೆ ಅದಕ್ಕೆ ಪರಿಹಾರ ಬಿಲ್ಲಿನಲ್ಲಿ ಸಿಗದು.

“ಮನಿಗೆ ಬೀಗ ಹಾಕೇವಿ, ಬಿಲ್ ಹೆಂಗ ಬರ್ತೈತಿ?” ಬರುತ್ತದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ನಿಮಗಾಗಿ ಸಿದ್ಧವಿರುವುದಕ್ಕೇ ನಿಗದಿತ ಶುಲ್ಕ. 2025ರ ಏಪ್ರಿಲ್‌ನಿಂದ ಅದು ಮಂಜೂರಾದ ಲೋಡಿನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ ಆಯಿತು. ಮುಂಚೆ 120 ಇತ್ತು. ಯೂನಿಟ್ ದರ 5.90ರಿಂದ 5.80ಕ್ಕೆ ಇಳಿದದ್ದನ್ನು ಕಂಡು ಹಿಗ್ಗಿದವರು ಈ ಸಾಲು ನೋಡಿರಲಿಕ್ಕಿಲ್ಲ. 2 ಕಿಲೋವಾಟ್ ಲೋಡಿನ ಮನೆ 100 ಯೂನಿಟ್ ಉರಿಸಿದರೆ ಆ ದರದಲ್ಲಿ ವಿದ್ಯುತ್ತಿಗೆ 580, ನಿಗದಿತ ಶುಲ್ಕ 290, ವಿದ್ಯುತ್ ಮೇಲೆ ಶೇ. 9 ತೆರಿಗೆ 52 ರೂಪಾಯಿ 20 ಪೈಸೆ, ನೌಕರರ ಪಿಂಚಣಿ-ಗ್ರಾಚ್ಯುಟಿಗೆ ಯೂನಿಟ್‌ಗೆ 36 ಪೈಸೆಯಂತೆ 36. ಒಟ್ಟು 958ರ ಮೇಲೆ. ಕಲ್ಲಿದ್ದಲು, ಖರೀದಿ ದರ ಏರಿಳಿದಂತೆ ಬದಲಾಗುವ ಹೊಂದಾಣಿಕೆ ಶುಲ್ಕ ಇದರಲ್ಲಿ ಸೇರಿಲ್ಲ.

ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅನ್ನುವವರು ಈಗಲೂ ಇದ್ದಾರೆ. ಅಲ್ಲ. 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮಾತ್ರ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಲ್ಲಿ ಈ ಶೇ. 10ರ ಬದಲು 10 ಯೂನಿಟ್ ಸೇರಿಸುವಂತೆ ಮಾಡಿದರು. ಸರಾಸರಿ 80 ಇದ್ದವರಿಗೆ 88 ಉಚಿತ, 150 ಬಳಸಿದರೆ 62ಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಮೇ ತಿಂಗಳಲ್ಲಿ ಜಗಳ ಹುಟ್ಟುವುದು ಇಲ್ಲೇ.

ಹೊಸ ಮೀಟರ್ ಜೋರಾಗಿ ಓಡುತ್ತದೆಂಬ ಅನುಮಾನವಿದ್ದರೆ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಅದಕ್ಕೂ ಮುಂಚೆ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದು ನೋಡಿಕೊಳ್ಳಿ. ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಇಳಿಸಿಕೊಡಿ ಎಂದು ಜೆಸ್ಕಾಂಗೆ ಅರ್ಜಿ ಹಾಕಬಹುದು.