ಜ್ವರದ ಮೈಯಲ್ಲಿ ಓಟ: ನಿಲ್ಲೋದು ಸೋಲಲ್ಲ

ಬಸವಕಲ್ಯಾಣದಿಂದ ಹುಮನಾಬಾದ್‌ಗೆ ರಸ್ತೆ ಹಿಡಿದರೆ ಸುಮಾರು 30 ಕಿಲೋಮೀಟರ್. ಪೂರ್ತಿ ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್. ಅಂದರೆ ಕಲ್ಯಾಣದಲ್ಲಿ ಹೊರಟವರು ಹುಮನಾಬಾದ್ ಮುಟ್ಟಿ, ತಿರುಗಿ ಇನ್ನೂ ಹನ್ನೆರಡು ಕಿಲೋಮೀಟರ್ ವಾಪಸ್ ಓಡಬೇಕು. ಆರೋಗ್ಯವಾಗಿದ್ದಾಗಲೇ ಕಷ್ಟ. ಇನ್ನು ಮೈ ಸರಿಯಿಲ್ಲದಾಗ?

2004ರ ಅಥೆನ್ಸ್ ಒಲಿಂಪಿಕ್ಸ್ ನೋಡಿ. ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ ಆಗ ವಿಶ್ವದಾಖಲೆಯ ಒಡತಿ. ಓಟಕ್ಕೆ ಮುಂಚೆ ಕಾಲಿಗೆ ಗಾಯವಾಗಿತ್ತು. ಅದಕ್ಕೆ ನುಂಗಿದ ಔಷಧಿಯಿಂದ ಹೊಟ್ಟೆ ಕೆಟ್ಟು, ತಿಂದದ್ದು ಮೈಗೆ ಹತ್ತಲಿಲ್ಲ. ಬಿಸಿಲು ಬೇರೆ. ಸುಮಾರು 36ನೇ ಕಿಲೋಮೀಟರ್‌ನಲ್ಲಿ ನಿಂತರು, ರಸ್ತೆ ಬದಿಯಲ್ಲಿ ಕೂತು ಅತ್ತರು. ಜಗತ್ತು ನೋಡ್ತಾ ಇತ್ತು. ಸೋತಳು ಅಂದವರೂ ಇದ್ದರು. ಅದೇ ವರ್ಷ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದದ್ದು ಯಾರು? ಇದೇ ಪೌಲಾ. ಅಂದು ನಿಂತ ಕಾಲು ಮುಂದೆ ಓಡಿತು.

ಮೈಯೊಳಗೆ ಆಗೋದೇನು? ನಾವು ಸುಡುವ ಶಕ್ತಿಯಲ್ಲಿ ಓಟಕ್ಕೆ ಸಿಗುವುದು ಹೆಚ್ಚೆಂದರೆ ಕಾಲು ಭಾಗ. ಉಳಿದದ್ದೆಲ್ಲ ಶಾಖ. ಅದನ್ನು ಬೆವರು ಹೊರಗೆ ಹಾಕಬೇಕು, ಬೆವರಿಗೆ ನೀರು ಬೇಕು. ಜ್ವರ ಬಂದಾಗ ಮೈ ಮೊದಲೇ ಬಿಸಿ, ನೀರು ಮೊದಲೇ ಕಡಿಮೆ, ಹೃದಯ ಮೊದಲೇ ಜೋರಾಗಿ ಬಡೀತಾ ಇರುತ್ತೆ. ಕಾದ ಎಂಜಿನ್ನನ್ನೇ ಘಾಟಿ ಹತ್ತಿಸಿದ ಹಾಗೆ. ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೇ ಉರಿಯೂತ ತರುತ್ತವೆ. ಆಗ ಓಡಿದರೆ ಹೃದಯದ ಲಯ ತಪ್ಪಿ ಜೀವಕ್ಕೇ ಕುತ್ತು. ಗುಳಿಗೆ ನುಂಗಿದ್ರೆ ಥರ್ಮಾಮೀಟರ್ ಇಳಿಯುತ್ತೆ, ಸೋಂಕು ಇಳಿಯಲ್ಲ. ನೀರು ಆರಿದ ಮೈಯಲ್ಲಿ ಕೆಲವು ನೋವಿನ ಗುಳಿಗೆಗಳು ಕಿಡ್ನಿಗೂ ಹೊಡೆತ ಕೊಡುತ್ತವೆ.

ನಮ್ಮೂರಲ್ಲಿ ಮ್ಯಾರಥಾನ್ ಓಡೋರು ಎಷ್ಟು ಜನ ಅಂತೀರಾ? ಬೆಳಗಿನ ಜಾವ ರಸ್ತೆಗೆ ಬಂದು ನೋಡಿ. ಪೊಲೀಸ್, ಸೇನೆ ಭರ್ತಿಗೆ ತಯಾರಾಗುವ ಹುಡುಗರು ಓಡ್ತಾ ಇರ್ತಾರೆ. ಕಾನ್‌ಸ್ಟೇಬಲ್ ಆಗಲು ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ದಿನಾಂಕ ಸರ್ಕಾರದ್ದು, ಜ್ವರ ಹುಡುಗನದ್ದು. ಮನೆಯವರ ಆಸೆಯೆಲ್ಲ ಆ ಒಂದು ದಿನದ ಮೇಲೆ. ಆತ ನಿಲ್ತಾನಾ? 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೇಬಲ್ ಭರ್ತಿಗೆ 10 ಕಿಲೋಮೀಟರ್ ಓಟ ಇಟ್ಟಿದ್ದರು. ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಬಿಟ್ಟರು. ಆಮೇಲೆ ಸರ್ಕಾರ ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಿತು. ಹೋದ ಮಕ್ಕಳು ಬರಲಿಲ್ಲ.

ಹಾಗಾದರೆ ಲೆಕ್ಕ ಹಾಕೋದು ಹೇಗೆ? ಓಟಗಾರರು ಕುತ್ತಿಗೆಯನ್ನು ಗೆರೆ ಅಂತ ಇಟ್ಟುಕೊಳ್ತಾರೆ. ಗೆರೆಯ ಮೇಲೆ, ಅಂದರೆ ಬರೀ ಮೂಗು ಸೋರುವುದು, ಸೀನು ಇದ್ದರೆ ಮೆಲ್ಲಗೆ ಓಡಬಹುದು. ಗೆರೆಯ ಕೆಳಗೆ, ಎದೆಯಲ್ಲಿ ಕಫ, ವಾಂತಿ, ಭೇದಿ, ಮೈಕೈ ನೋವು ಇದ್ದರೆ ಬೇಡ. ಜ್ವರ ಇದ್ದರಂತೂ ಬೇಡವೇ ಬೇಡ. ಜ್ವರ ಬಿಟ್ಟ ಮಾರನೇ ದಿನವೇ ಜೋರು ಓಟವೂ ಬೇಡ. ಮೊದಲು ನಡಿಗೆ, ಆಮೇಲೆ ಓಟ. ಎದೆನೋವು, ಉಸಿರಾಟದ ತೊಂದರೆ, ಎದೆಬಡಿತ ಏರುಪೇರು ಕಂಡರೆ ಮೊದಲು ಡಾಕ್ಟರ್. ಓಡುವಾಗ ತಲೆ ಸುತ್ತಿದರೆ, ಬಿಸಿಲಲ್ಲೂ ಚಳಿಯಾದರೆ ತಕ್ಷಣ ನಿಲ್ಲಿ. ಜೊತೆಗಾರನ ಮಾತು ತೊದಲಿದರೆ ನೆರಳಿಗೆ ಎಳೆದು, ಮೈಮೇಲೆ ತಣ್ಣೀರು ಸುರಿದು, 108ಕ್ಕೆ ಫೋನ್ ಮಾಡಿ.

ಭರ್ತಿ ಮಾಡುವವರಿಗೂ ಒಂದು ಮಾತು. ವೈದ್ಯರ ಚೀಟಿ ತಂದ ಹುಡುಗನಿಗೆ ಇನ್ನೊಂದು ದಿನ ಕೊಟ್ಟರೆ ಸರ್ಕಾರಕ್ಕೆ ನಷ್ಟವೇನಿಲ್ಲ. ಅಪ್ಪ-ಅಮ್ಮಂದಿರಿಗೆ ಇನ್ನೂ ಚಿಕ್ಕ ಮಾತು: ಹೊರಡುವ ಮುಂಚೆ ಮಗನ ಹಣೆ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವೇ ಹೇಳಿ, “ಮುಂದಿನ ಸಲ ಓಡಪ್ಪ” ಅಂತ. ಆ ಮಾತು ಅವನ ಬಾಯಿಂದ ಬರೋದು ಕಷ್ಟ.